ಕಂದು ಹುಳ, ಚುಕ್ಕೆ ಹುಳ

ದೀಕ್ಷಾ, ಕುಶಾಲ್, ನಿಮ್ಮ ಈ ಅಜ್ಜಿ ಚಿಕ್ಕವಳಿದ್ದಾಗ ನಲ್ಲೂರಿನ ಪಕ್ಕದ ನಮ್ಮೂರಲ್ಲಿ ಎಲ್ಲರ ಮನೆಯಲ್ಲೂ ಸೌದೆ ಒಲೆ. ಬೇಸಿಗೆ ರಜೆಯಲ್ಲಿ ನನ್ನ ಆಟಿಕೆಯೆಂದರೆ ಮೀಸೆಹುಳ. ಮೈಗಿಂತ ಉದ್ದ ಮೀಸೆಯ ಆ ದುಂಬಿಯನ್ನು ಬೆನ್ನು ಹಿಡಿದು ಎತ್ತಿದರೆ ಕಿರ್ರ್ ಕಿರ್ರ್ ಎಂದು ಗೊಣಗುತ್ತಿತ್ತು.

ಅದರಲ್ಲಿ ಎರಡು ಜಾತಿ. ಕಂದು ಹುಳ ಸೌದೆ ರಾಶಿಯದು. ಒಣಗಿದ ಮರವನ್ನಷ್ಟೇ ತಿಂದು, ಹಿಟ್ಟಿನಂಥ ಒಣ ಪುಡಿ ಉದುರಿಸುತ್ತದೆ. ಬೂದು ಮೈಮೇಲೆ ಕಿತ್ತಳೆ ಚುಕ್ಕೆಯಿರುವ ದೊಡ್ಡ ಹುಳ ಹಸಿ ಮರದ್ದು. ಅದರ ಮರಿ ಕಾಂಡ ಕೊರೆದರೆ ತೂತಿನಿಂದ ಅಂಟು ರಸ, ಒದ್ದೆ ನಾರು ಹೊರಬರುತ್ತದೆ. ಹಿಂದಿನ ವರ್ಷ ದೊಡ್ಡಪ್ಪನ ಮಾವಿನ ಮರ ಸತ್ತದ್ದು ಅದರಿಂದಲೇ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನೋಡಿ ನೋಡಿ ತಿಳಿದಿದ್ದೆ.

ನಮ್ಮ ಹಿತ್ತಲಲ್ಲಿ ಅಮ್ಮ ತವರಿನಿಂದ ತಂದು ನೆಟ್ಟ ಮಾವಿತ್ತು. ಉಪ್ಪಿನಕಾಯಿ ಹಾಕುವ ದಿನಗಳಲ್ಲಿ ಅವಳ ಸೆರಗೆಲ್ಲ ಮಾವಿನ ಸೊನೆಯ ವಾಸನೆ. ಒಂದು ಬೆಳಿಗ್ಗೆ ಮರದ ಬುಡದಲ್ಲಿ ಪುಡಿ ಕಂಡು ದೊಡ್ಡಪ್ಪ ಬೆಚ್ಚಿದರು.

"ಇದಕ್ಕೂ ಹುಳ ಹತ್ಬಿಡ್ತು ಕಣೋ. ಇವತ್ತೇ ಕಡಿಸ್ಬಿಡು. ಇಲ್ದಿದ್ರೆ ತೋಟದಲ್ಲಿ ಒಂದು ಮರಾನೂ ಉಳಿಯಲ್ಲ," ಎಂದರು ಅಪ್ಪನಿಗೆ.

ಪುಡಿ ಒಣಗಿತ್ತು. ಮೇಲಿನ ಒಂದು ಸತ್ತ ಕೊಂಬೆಯಿಂದ ಉದುರಿದ್ದು. ಅದರಲ್ಲೇ ಹಿಡಿದ ಕಂದು ಹುಳ ನನ್ನ ಬೆಂಕಿಪೊಟ್ಟಣದಲ್ಲಿತ್ತು. ಆ ಕೊಂಬೆಯೊಂದನ್ನು ಕಡಿದರೆ ಸಾಕಿತ್ತು. ಪೊಟ್ಟಣ ಹಿಡಿದು ಗಂಡಸರ ಮುಂದೆ ಹೋಗಿ ನಿಂತೆ. ಮಾತು ಹೊರಡಲಿಲ್ಲ.

"ಏನಮ್ಮೀ, ಬಾಯ್ತುಂಬಾ ಕಡ್ಲೆಕಾಯಿ ತುಂಬ್ಕೊಂಡಿದ್ದೀಯಾ?" ಎಂದರು ದೊಡ್ಡಪ್ಪ. ಕೊಡಲಿ ಹಿಡಿದು ಬಂದವರೂ ನಕ್ಕರು. ಅಡುಗೆಮನೆಗೆ ಓಡಿಬಿಟ್ಟೆ.

ಮಧ್ಯಾಹ್ನ ಮರ ಉರುಳಿತು. ಕಾಂಡದಲ್ಲಿ ಒಂದು ತೂತೂ ಇರಲಿಲ್ಲ.

"ಚೆನ್ನಾಗೇ ಇತ್ತಲ್ಲಣ್ಣಾ," ಎಂದರು ಅಪ್ಪ. ದೊಡ್ಡಪ್ಪ ಟವೆಲು ಕೊಡವಿಕೊಂಡು ಹೊರಟರು.

ಸಂಜೆ ಅಮ್ಮನಿಗೆ ಪೊಟ್ಟಣ ತೋರಿಸಿ ಎಲ್ಲ ಹೇಳಿದೆ. ಬಯ್ಯಲಿಲ್ಲ. "ಗೊತ್ತಿದ್ದೂ ಸುಮ್ನಿದ್ಯಾ?" ಎಂದಳು, ಅಷ್ಟೇ. ಆಮೇಲೆ ಅವಳು ಉಪ್ಪಿನಕಾಯಿ ಹಾಕಲೇ ಇಲ್ಲ.

ಆ ಮರದ ಹಲಗೆಯಿಂದಲೇ ನನ್ನ ಮದುವೆಗೆ ಪೆಟ್ಟಿಗೆ ಮಾಡಿಸಿದರು. "ಅಜ್ಜೀ, ಇದರಿಂದ ಹಿಟ್ಟು ಉದುರುತ್ತೆ" ಎಂದು ನೀವು ತೋರಿಸುತ್ತೀರಲ್ಲ, ಅದೇ ಪೆಟ್ಟಿಗೆ. ಅದು ಕಂದು ಹುಳದ ಕೆಲಸ. ಜೀವವಿದ್ದಾಗ ಅದು ಮುಟ್ಟದ ಮರವನ್ನು ನಾವೇ ಕಡಿದು, ಒಣಗಿಸಿ, ಅದಕ್ಕೆ ಬಡಿಸಿದೆವು. ಚುಕ್ಕೆ ಹುಳವನ್ನು ಕಂಡು ಎಷ್ಟೋ ವರ್ಷವಾಯಿತು. ಅದು ತಿನ್ನಲು ಊರಲ್ಲಿ ಹಳೆಯ ಮಾವು ಉಳಿದಿಲ್ಲ.

ನನ್ನ ಬಾಯಿ ಮಾತ್ರ ಆ ದಿನದಂತೆಯೇ ಉಳಿಯಿತು. ನಿಮ್ಮ ತಾತನ ಮುಂದೆಯೂ ತಿಳಿದದ್ದನ್ನು ನುಂಗಿಕೊಂಡೇ ಬದುಕಿದೆ. ಅದಕ್ಕೇ ಇದನ್ನು ಬರೆದಿದ್ದೇನೆ. ಈ ಹಾಳೆಗಳನ್ನು ಜೋಪಾನ ಮಾಡಿ. ಆ ಪೆಟ್ಟಿಗೆಯಲ್ಲಿ ಮಾತ್ರ ಇಡಬೇಡಿ.