ಇಸ್ತ್ರಿಯಮ್ಮ ಕೇಳಿದ ಕಾದಂಬರಿ

ಗ್ರಂಥಾಲಯದಲ್ಲಿ ಹರಿದು ಚಿಂದಿಯಾದ ಪುಸ್ತಕಗಳನ್ನು ಹೊಲಿದು, ರಟ್ಟು ಕಟ್ಟಿ, ಮತ್ತೆ ಓದುವವರ ಕೈಗೆ ಬರುವ ಹಾಗೆ ಮಾಡುವುದು ಅವನ ಕೆಲಸ. ಎಲ್ಲರೂ ಬೈಂಡರ್ ಎಂದೇ ಕರೆಯುತ್ತಿದ್ದರು. ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು, ಹಾಗಾಗಿ ಇಸ್ತ್ರಿಯಮ್ಮ. ಸಂಜೆ ಅವನು ಕಂಕುಳಲ್ಲಿ ಒಂದು ಕಾದಂಬರಿ ಇಟ್ಟುಕೊಂಡು ಬಂದು, ಬಟ್ಟೆಗಂಟುಗಳ ನಡುವೆ ಸ್ಟೂಲು ಎಳೆದುಕೊಂಡು ಗಟ್ಟಿಯಾಗಿ ಓದುತ್ತಿದ್ದ. ಅವಳು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಬಸ್ಸಿನ ಬೋರ್ಡಿನ ಅಕ್ಷರ ಕೂಡಿಸುವಷ್ಟರಲ್ಲಿ ಬಸ್ಸೇ ಹೋಗಿರುತ್ತಿತ್ತು. ಓದುವುದು ಅವನ ಪಾಲು, "ಆಮೇಲೆ?" ಅನ್ನುವುದು ಇವಳ ಪಾಲು.

ಮದುವೆಯಾದ ಹೊಸದರಲ್ಲಿ ಈ ಓದು ಇರಲಿಲ್ಲ. ಶುರುವಾದದ್ದು ಮಗ ಹೋದ ಮೇಲೆ. ಮಾತು ಇನ್ನೂ ನೆಟ್ಟಗೆ ಬಾರದ ಮಗು. ಜ್ವರ ಬಂದು ತೀರಿಹೋಯಿತು. ಅವಳು ಮಾತು ಬಿಟ್ಟಳು, ಊಟ ಬಿಟ್ಟಳು. ಇಸ್ತ್ರಿ ಪೆಟ್ಟಿಗೆ ಇಟ್ಟಲ್ಲೇ ಮರೆತು ಯಾರದೋ ಸೀರೆ ಸುಟ್ಟಳು. ಅವನು ಬೈಯಲಿಲ್ಲ. ಮಾರನೇ ದಿನ ಒಂದು ಕಾದಂಬರಿ ತಂದು, "ನೀನು ಕೇಳಿದ್ರೆ ಕೇಳು, ಬಿಟ್ರೆ ಬಿಡು. ನಾನಂತೂ ಓದ್ತೀನಿ" ಎಂದು ಕೂತ. ಕೆಲವು ದಿನ ಗೋಡೆಗೆ ಓದಿದ ಹಾಗೇ ಆಯಿತು. ಆಮೇಲೆ ಒಂದು ಸಂಜೆ ಅವನು ಪುಸ್ತಕ ಮುಚ್ಚಿದಾಗ ಅವಳು ಕೇಳಿದಳು:

"ಆ ಹುಡುಗಿ ಏನಾದ್ಲು?"

ದೋಣಿಯವನ ಮಗಳ ಕಥೆ ಅದು. ಹೊಳೆ ತುಂಬಿದಾಗ ಅವಳ ಮಗು ಕೊಚ್ಚಿಹೋಗುತ್ತದೆ. ತಾಯಿ ದಡ ಬಿಟ್ಟು ಏಳುವುದಿಲ್ಲ. ಕೊನೆಗೆ ಕೆಳಗಿನ ಊರಿನ ಮೀನುಗಾರರು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದು ತಾಯಿಯ ಮಡಿಲಿಗೆ ಹಾಕುತ್ತಾರೆ. ಆ ದಿನ ಅವಳು ಬಾಯಿಬಿಟ್ಟು ಅತ್ತಳು. ಅತ್ತ ಮೇಲೆ ಹಸಿವಾಯಿತು.

ಅಲ್ಲಿಂದ ಮುಂದೆ ಇಸ್ತ್ರಿಗೆ ಬಂದವರಿಗೆಲ್ಲ ಬೈಂಡರ್ ಇಂಥ ಪುಸ್ತಕ ಓದಿ ಎಂದು ಹೇಳತೊಡಗಿದ. ಅದೂ ಬಟ್ಟೆ ನೋಡಿ. ಕಾಲರ್ ಸವೆದವರಿಗೆ ನಗಿಸುವ ಪುಸ್ತಕ. ಮಡಿಕೆ ಗರಿಗರಿಯಾಗಿಲ್ಲ ಎಂದು ಜಗಳಕ್ಕೆ ಬರುವವರಿಗೆ ಕೊಲೆ ಕಾದಂಬರಿ. ಗುಮಾಸ್ತರೊಬ್ಬರು, "ಏನಯ್ಯಾ, ಪ್ಯಾಂಟಿಗೆ ಅಂತ ಬಂದ್ರೆ ಪಾಠ ಮಾಡ್ತೀಯಲ್ಲ!" ಎಂದು ರೇಗಿದರೆ, "ಪ್ಯಾಂಟು ನಾಳೆ ಮತ್ತೆ ಸುಕ್ಕಾಗುತ್ತೆ ಸಾರ್" ಎಂದು ಪುಸ್ತಕವನ್ನು ಪ್ಯಾಂಟಿನ ಮಡಿಕೆಯೊಳಗೇ ಇಟ್ಟು ಕೊಡುತ್ತಿದ್ದ.

ಓದಿದ ಕಾದಂಬರಿ ಸಿನಿಮಾ ಆದರೆ ಇಬ್ಬರೂ ಹೋಗುತ್ತಿದ್ದರು. ವಾಪಸು ಬರುವ ದಾರಿಯುದ್ದಕ್ಕೂ ವಾದ.

"ಅತ್ತೆ ಪಾತ್ರಾನೇ ತೆಗೆದುಬಿಟ್ಟಿದ್ದಾರಲ್ರೀ! ಅತ್ತೆ ಇಲ್ದೆ ಅವಳು ಮನೆ ಬಿಟ್ಟು ಯಾಕೆ ಹೋಗ್ತಾಳೆ?"

"ಬಟ್ಟೆ ಸಾಲದಿದ್ರೆ ಟೈಲರ್ ತೋಳು ಮೋಟು ಮಾಡಲ್ವೇನೇ? ಹಾಗೆ."

"ತೋಳಾದ್ರೆ ಸರಿ. ಇವರು ಕತ್ತೇ ಕತ್ತರಿಸಿದ್ದಾರೆ. ಮತ್ತೆ ಆ ಹುಡುಗಿ ಅಷ್ಟು ಬೆಳ್ಳಗೆ ಯಾಕಿದ್ಲು? ನಮ್ಮನೇಲಿ ಓದುವಾಗ ನನ್ನ ಹಾಗೇ ಕಪ್ಪಗಿದ್ಲು."

"ಪುಸ್ತಕದಲ್ಲಿ ಬಣ್ಣ ಬರೆದೇ ಇಲ್ಲ. ಹಚ್ಚಿದವಳು ನೀನೇ" ಎಂದು ಅವನು ನಗುತ್ತಿದ್ದ.

ಕೆಲವು ಸಿನಿಮಾಗಳಿಗೆ ಮಾತ್ರ ಬೇಡ ಎನ್ನುತ್ತಿದ್ದ. "ಪೂರ್ತಿ ಕೆಡಿಸಿದ್ದಾರಂತೆ, ದಂಡ." ಅವಳು ನಂಬುತ್ತಿದ್ದಳು.

ಒಂದು ಮಧ್ಯಾಹ್ನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಲೇ ಎದೆ ಹಿಡಿದುಕೊಂಡು ಕೂತ. ಅಷ್ಟೇ. ಉಗುರಿಗೆ ಮೆತ್ತಿದ್ದ ಅಂಟನ್ನು ಇಸ್ತ್ರಿಯಮ್ಮ ಬಿಸಿನೀರಿನಲ್ಲಿ ತಾನೇ ತೊಳೆದಳು. ಬೇರೆಯವರಿಗೆ ಬಿಡಲಿಲ್ಲ.

ಅದೇ ವರ್ಷ ಮಹಡಿಯ ಮನೆಯ ನರ್ಸಮ್ಮನ ಮಗಳು ತೀರಿಕೊಂಡಳು. ಅವಳ ಬಟ್ಟೆಗಂಟಿನಲ್ಲಿ ಸಣ್ಣ ಯೂನಿಫಾರ್ಮು ಬರುವುದು ನಿಂತಿತು. ಆಮೇಲೆ ಗಂಟು ಬರುವುದೂ ನಿಂತಿತು. ನರ್ಸಮ್ಮ ಕೆಲಸಕ್ಕೆ ಹೋಗುವುದು ಬಿಟ್ಟು ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಇಸ್ತ್ರಿಯಮ್ಮ ದಿನವೂ ನೋಡುತ್ತಿದ್ದಳು. ಇವಳನ್ನು ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದುಕೊಂಡಳು. ಅಷ್ಟರಲ್ಲಿ ದೋಣಿಯವನ ಮಗಳ ಕಾದಂಬರಿ ಸಿನಿಮಾ ಆಗಿ ಬಂತು.

"ನರ್ಸಮ್ಮ, ಏಳು. ಸಿನಿಮಾಕ್ಕೆ ಹೋಗೋಣ."

"ಬೇಡಕ್ಕ. ನಂಗೇನೂ ಬೇಡ."

"ನಂಗೂ ಏನೂ ಬೇಡವಾಗಿತ್ತು. ಈ ಕಥೆ ಕೇಳಿದ ಮೇಲೇ ನಾನು ಅನ್ನ ಮುಟ್ಟಿದ್ದು. ಮಗು ಕಳೆದುಹೋಗುತ್ತೆ, ಹೆದರ್ಕೋಬೇಡ, ಕೊನೇಲಿ ಸಿಗುತ್ತೆ. ನಮ್ಮನೆಯವರು ಪೂರ್ತಿ ಓದಿ ಹೇಳಿದ್ದು. ನನ್ನ ಮಾತು ನಂಬು."

ನರ್ಸಮ್ಮ ನಂಬಿದಳು. ಕತ್ತಲೆಯಲ್ಲಿ ಇವಳ ಕೈ ಹಿಡಿದುಕೊಂಡೇ ನೋಡಿದಳು. ಹೊಳೆ ಇಳಿಯಿತು. ಮೀನುಗಾರರು ಬಂದರು. ಇಸ್ತ್ರಿಯಮ್ಮ, "ನೋಡು, ಈಗ ನೋಡು" ಎಂದು ಕಿವಿಯಲ್ಲಿ ಹೇಳಿದಳು. ಮೀನುಗಾರರ ಹೆಗಲ ಮೇಲೆ ಮಗು ಕೂತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿದ ಗಂಟೊಂದಿತ್ತು.

ನರ್ಸಮ್ಮ ಕೈ ಬಿಡಿಸಿಕೊಂಡು ಎದ್ದುಹೋದಳು. ಇಸ್ತ್ರಿಯಮ್ಮ ಹಿಂದೆಯೇ ಓಡಿದಳು.

"ಕೆಡಿಸಿಬಿಟ್ಟಿದ್ದಾರೆ ತಾಯಿ! ಇವರ ಮನೆ ಹಾಳಾಗ! ಪುಸ್ತಕದಲ್ಲಿ ಹೀಗಿಲ್ಲ."

ನರ್ಸಮ್ಮ ತಿರುಗಿ ನೋಡಲಿಲ್ಲ. ಮರುದಿನ ಮೆಟ್ಟಿಲ ಮೇಲೂ ಕಾಣಲಿಲ್ಲ. ಬಾಗಿಲು ಹಾಕಿತ್ತು.

ಇಸ್ತ್ರಿಯಮ್ಮ ಗ್ರಂಥಾಲಯಕ್ಕೆ ಹೋಗಿ ಆ ಪುಸ್ತಕ ಕೇಳಿ ತಂದಳು. ಮೇಲೆ ಹೋಗಿ ಬಾಗಿಲು ಬಡಿದಳು. ನರ್ಸಮ್ಮ ಬಾಗಿಲು ತೆರೆದ ಕೂಡಲೇ ಪುಸ್ತಕ ಮುಂದೆ ಹಿಡಿದಳು. "ನೀನೇ ಓದು. ಕೊನೇದು ಓದು. ನಮ್ಮನೆಯವರು ಸುಳ್ಳು ಹೇಳೋರಲ್ಲ."

ನರ್ಸಮ್ಮ ನಿಂತಲ್ಲೇ ಓದಿದಳು. ಪುಟ ತಿರುಗಿಸಿದಳು. ಇನ್ನೊಂದು ಪುಟ.

"ಸಿನಿಮಾದಲ್ಲಿ ಇದ್ದ ಹಾಗೇ ಇದೆ ಅಕ್ಕ."

"ಸರಿಯಾಗಿ ನೋಡು. ಇನ್ನೂ ಪುಟ ಇರಬೇಕು."

"ಇಲ್ಲ. ಇದೇ ಕೊನೆ."

ಪುಟ ಬಿದ್ದುಹೋಗಿದೆ ಎನ್ನಲು ಇಸ್ತ್ರಿಯಮ್ಮ ಬಾಯಿ ತೆರೆದಳು. ಆದರೆ ಬೆನ್ನಿನ ಹೊಲಿಗೆ ಕಂಡಿತು. ಅದು ಅವನ ಹೊಲಿಗೆ. ಅವನು ಹೊಲಿದದ್ದರಿಂದ ಹಾಳೆ ಬೀಳುವುದಿಲ್ಲ.

ನರ್ಸಮ್ಮನಿಗೆ ಮೊದಲು ಅರ್ಥವಾಯಿತು. "ನಿಮಗೋಸ್ಕರ ಹಾಗೆ ಓದಿದಾರೆ" ಎಂದಳು. ರಟ್ಟು ಮುಚ್ಚಿ, "ನಿಮಗಾದ್ರೂ ಹಾಗೆ ಓದೋರು ಒಬ್ರು ಇದ್ರು" ಎಂದು ಪುಸ್ತಕ ವಾಪಸು ಕೊಟ್ಟು ಬಾಗಿಲು ಹಾಕಿಕೊಂಡಳು.

ಇಸ್ತ್ರಿಯಮ್ಮ ಕೆಳಗೆ ಬಂದು ಕೂತಳು. ಮೊದಲು ಸಿಟ್ಟು ಬಂತು. ಅಷ್ಟೊಂದು ಪುಸ್ತಕ ಓದಿದ್ದನಲ್ಲ, ಅದರಲ್ಲಿ ಬರೆದವರದ್ದು ಎಷ್ಟು, ಇವನದ್ದು ಎಷ್ಟು? ಬೇಡವೆಂದ ಸಿನಿಮಾಗಳಲ್ಲೆಲ್ಲ ಯಾರು ಯಾರು ಸತ್ತಿದ್ದರೋ! ಕೇಳೋಣವೆಂದರೆ ಮನುಷ್ಯ ಇಲ್ಲ. ಹಿಡಿದು ಬೈಯೋಣವೆಂದರೂ ಇಲ್ಲ.

ಆಮೇಲೆ ಇನ್ನೊಂದು ಹೊಳೆಯಿತು. ಸತ್ತದ್ದು ಅವಳೊಬ್ಬಳ ಮಗನಲ್ಲ. ಆ ಸಂಜೆ ಅವಳಿಗೆ ಮಗು ಹೆಗಲ ಮೇಲೆ ಕೂತು ಬಂತು. ಓದುತ್ತಿದ್ದವನ ಕಣ್ಣೆದುರು ಬಟ್ಟೆಯಲ್ಲಿ ಸುತ್ತಿಕೊಂಡೇ ಬಂದಿತ್ತು. ಅದನ್ನು ನೋಡುತ್ತಲೇ ಬಾಯಲ್ಲಿ ಬೇರೆ ಹೇಳಿದ್ದ. ದನಿ ನಡುಗಿತ್ತೇ? ನೆನಪಿಲ್ಲ. ಅವಳು ಅಳುತ್ತಿದ್ದಳು, ಅವನ ಕಡೆ ನೋಡಿರಲಿಲ್ಲ.

ಇಸ್ತ್ರಿ ಪೆಟ್ಟಿಗೆ ಆರಿಸಿ ಕೊನೆಯ ಪುಟ ತೆಗೆದಳು. ಬೆರಳಿಟ್ಟು ಅಕ್ಷರ ಕೂಡಿಸಿದಳು. ಒತ್ತು ಬಂದಲ್ಲೆಲ್ಲ ನಿಂತಳು. ಬಟ್ಟೆಗೆ ಬಂದವರಿಗೆ ನಾಳೆ ಬನ್ನಿ ಎಂದಳು. ಮಗುವನ್ನು ತಾಯಿಯ ಮುಂದೆ ಇಳಿಸಿದರು ಎನ್ನುವಲ್ಲಿಗೆ ಮುಟ್ಟುವಾಗ ಬೀದಿಯಲ್ಲಿ ದೀಪ ಹತ್ತಿತ್ತು.

ಎದ್ದು ಮೇಲೆ ಹೋಗಿ ಮತ್ತೆ ಬಾಗಿಲು ಬಡಿದಳು.

"ಮಗು ಸಿಗಲ್ಲ ತಾಯಿ" ಎಂದಳು. "ನನ್ನ ಮಗಾನೂ ಸಿಗ್ಲಿಲ್ಲ."

ನರ್ಸಮ್ಮ ಬಾಗಿಲು ಪೂರ್ತಿ ತೆರೆದಳು. ಆಮೇಲೆ ಪಕ್ಕಕ್ಕೆ ಸರಿದು ಚಾಪೆ ಹಾಸಿದಳು.