ಮಡಿಲು ಕಟ್ಟಿದ ಕೈ

ದೇಶ ಸುತ್ತು, ಕೋಶ ಓದು ಎನ್ನುತ್ತಾರೆ. ಕಾಮಯಗೌಂಡನ್‌ಪಟ್ಟಿಯ ಪಿಚ್ಚೈಯಮ್ಮಾಳ್ ಕೋಶದ ಗೊಡವೆಗೆ ಹೋದವಳಲ್ಲ, ದೇಶ ಮಾತ್ರ ಚೆನ್ನಾಗಿ ಸುತ್ತಿದಳು. ಗಂಡ ಮುತ್ತುಸಾಮಿ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡಾಗ, ಕೊಡೈಕಾನಲ್‌ನಲ್ಲಿ ವಿದೇಶಿ ಮೇಷ್ಟರೊಬ್ಬರ ಮಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಅವರು ಹೋದಲ್ಲೆಲ್ಲ ಹೋದಳು: ಕೀನ್ಯಾ, ಸ್ವಿಟ್ಜರ್ಲೆಂಡ್, ಕೊನೆಗೆ ಆಸ್ಟ್ರೇಲಿಯಾ. ತನ್ನ ಪುಟ್ಟ ಇಂದುಜಾಳನ್ನು ಗಂಡನ ಅಕ್ಕ ಮುತ್ತುಮಾರಿಯ ಮಡಿಲಿಗೆ ಹಾಕಿದ್ದಳು. ಸಾವಿರದ ಒಂಬೈನೂರ ತೊಂಬತ್ತೆಂಟರಲ್ಲಿ ಊರಿಗೆ ಮರಳಿದಾಗ ಮಗಳು ಮದುವೆಯ ವಯಸ್ಸಿಗೆ ಬಂದಿದ್ದಳು.

ಪ್ರಪಂಚದ ಸುದ್ದಿ ಕೇಳಲು ಊರೇ ಮುತ್ತಿತು. ಬೇರೆ ಯಾರಾದರೂ ಆಗಿದ್ದರೆ ಬಡಾಯಿ ಕೊಚ್ಚುತ್ತಿದ್ದರು. ಇವಳು, "ಅಲ್ಲೂ ದ್ರಾಕ್ಷಿ ತೋಟ ಐತೆ, ಚಪ್ಪರ ಮಾತ್ರ ಇಲ್ಲ. ನಾವು ಮುಗಿಲು ನೋಡ್ಕೊಂಡು ಹಣ್ಣು ಕೀಳ್ತೀವಿ, ಅವರು ನೆಲ ನೋಡ್ಕೊಂಡು," ಎಂದು ಸುಮ್ಮನಾದಳು.

ಸುಮ್ಮನಾಗಲು ಕಾರಣವಿತ್ತು. ಇಂದುಜಾ ಮುತ್ತುಮಾರಿಯನ್ನು ಅವ್ವ ಎನ್ನುತ್ತಿದ್ದಳು. ಹೆತ್ತವಳನ್ನು ಏನೂ ಕರೆಯುತ್ತಿರಲಿಲ್ಲ, ನೆಂಟರಿಗೆ ಕೊಟ್ಟಂತೆ ಮರ್ಯಾದೆ ಕೊಡುತ್ತಿದ್ದಳು. ಪಿಚ್ಚೈಯಮ್ಮಾಳ್‌ಗೆ ಉಳಿದಿದ್ದ ಆಸೆ ಒಂದೇ, ನಿಶ್ಚಿತಾರ್ಥ. ಅವರ ಮನೆತನದಲ್ಲಿ ಅಂದು ತಾಯಿಯೇ ಮಗಳ ಸೆರಗಿಗೆ ವೀಳ್ಯದೆಲೆ, ಅಡಿಕೆ, ಅರಿಸಿನದ ಕೊಂಬು ಕಟ್ಟಿ ಮಡಿಲು ತುಂಬಬೇಕು. ಕಟ್ಟಿದವಳನ್ನೇ ಗಂಡಿನ ಕಡೆಯವರು ಬೀಗಿತ್ತಿ ಎಂದು ಎಣಿಸುವುದು. ಆ ಒಂದು ಗಂಟು ಹಾಕಿದರೆ ಮಗಳು ತನ್ನವಳಾದಾಳು ಎಂದು ಅವಳು ನಂಬಿದ್ದಳು.

ಆಂಡಿಪಟ್ಟಿಯಿಂದ ಗಂಡಿನವರು ಬಂದು ಕೂತರು. ಮುತ್ತುಮಾರಿ ಎಲ್ಲೂ ಕಾಣಲಿಲ್ಲ. ಪಿಚ್ಚೈಯಮ್ಮಾಳ್ ಹುಡುಕಿಕೊಂಡು ಹೋದರೆ, ಹಿತ್ತಲಲ್ಲಿ ಹಳೇ ಸೀರೆಯಲ್ಲೇ ಕೂತು, ಯಾರಿಗೂ ಬೇಡದ ತೆಂಗಿನಕಾಯಿಗಳನ್ನು ತುರಿಯುತ್ತಿದ್ದಳು. ಕಣ್ಣು ಕೆಂಪಾಗಿತ್ತು.

ಪಿಚ್ಚೈಯಮ್ಮಾಳ್ ನಾದಿನಿಯ ಪಕ್ಕದಲ್ಲಿ ಕುಕ್ಕರಿಸಿದಳು. "ಮದಿನಿ, ಎದ್ದು ಸೀಲೆ ಬದಲಾಯ್ಸು. ಮಡಿಲು ನೀ ಕಟ್ಟು."

"ಹುಚ್ಚಾ ನಿಂಗೆ? ಹೆತ್ತವಳು ನೀನು."

"ಹೆತ್ತೆ, ಹೋದೆ. ಅಲ್ಲಿ ಬೇರೆಯವರ ಕೂಸು ಸಾಕ್ದೆ ಮದಿನಿ, ದಿನಾ ತಲೆ ಬಾಚ್ದೆ, ಜ್ವರ ಬಂದ್ರೆ ನನ್ ಎದೆ ಮೇಲೇ ಮಲಗ್ತಿತ್ತು. ನಾ ಹೊರಡೋ ದಿನ ಅವರವ್ವ ಅದರ ಕೈ ಹಿಡ್ಕೊಂಡು ಒಳಕ್ಕೆ ಹೋದ್ಲು. ತಪ್ಪಿಲ್ಲ, ಅವಳ ಕೂಸು. ಆದ್ರೆ ನಾ ಬಾಗಿಲಾಚೆ ನಿಂತಿದ್ದೆ. ನೀ ಹಂಗೆ ನಿಲ್ಲಬೇಡ."

ಮುತ್ತುಮಾರಿಯ ತುರಿಮಣೆ ನಿಂತಿತು. ಅರ್ಧ ಪ್ರಪಂಚ ದಾಟಿ ಯಾವುದಕ್ಕಾಗಿ ಬಂದಿದ್ದಳೋ ಅದನ್ನು ಪಿಚ್ಚೈಯಮ್ಮಾಳ್ ಹಿತ್ತಲಲ್ಲೇ ಕೊಟ್ಟುಬಿಟ್ಟಳು. ಎಷ್ಟು ಸಮುದ್ರ ದಾಟಿದರೂ ಎಲ್ಲರಿಗೂ ಬರುವ ಬುದ್ಧಿಯಲ್ಲ ಅದು. ಒಳಗೆ ಮುತ್ತುಮಾರಿ ಸೆರಗಿಗೆ ಗಂಟು ಹಾಕುವಾಗ ಪಿಚ್ಚೈಯಮ್ಮಾಳ್ ಕಂಬ ಹಿಡಿದು ನಿಂತು ನೋಡಿದಳು. ಹೊಟ್ಟೆ ಉರಿಯಲಿಲ್ಲವೇ ಎಂದರೆ, ಉರಿಯಿತು.

ನೆಂಟರೆಲ್ಲ ಹೋದ ಮೇಲೆ ಸಂಜೆ ಇಂದುಜಾ ಬಾಚಣಿಗೆ ಹಿಡಿದು ಬಂದು, ಹೆತ್ತವಳ ಮುಂದೆ ಬೆನ್ನು ಹಾಕಿ ಕೂತಳು.

"ಅವ್ವ ಎಲ್ಲಾ ಹೇಳಿದ್ಲು," ಎಂದಳು. ಬಾಚಣಿಗೆಯನ್ನು ಹಿಂದಕ್ಕೆ ಚಾಚಿ, "ಆ ಹುಡ್ಗಿಗೆ ದಿನಾ ತಲೆ ಬಾಚ್ತಿದ್ದೆಯಂತೆ. ನಂಗೂ ಬಾಚು."

ಪಿಚ್ಚೈಯಮ್ಮಾಳ್ ಜಡೆ ಬಿಚ್ಚಿದಳು. ಮಗಳ ಕೂದಲು ಇಷ್ಟು ಉದ್ದವೆಂದು ಅವಳಿಗೆ ಅಂದೇ ಗೊತ್ತಾದದ್ದು.