ಮುಷ್ಟಿ ಎತ್ತುವ ಮಕ್ಕಳು

ತಪಾಸಣೆಯ ದಿನ ಆ ಶಾಲೆಯಲ್ಲಿ ದಡ್ಡ ಮಕ್ಕಳೇ ಇರುತ್ತಿರಲಿಲ್ಲ. ಅಧಿಕಾರಿಗಳು ಯಾವ ಕ್ಲಾಸಿಗೆ ಹೋಗಿ ಕೂತರೂ, ಟೀಚರ್ ಪ್ರಶ್ನೆ ಕೇಳಿದ್ದೇ ತಡ, ಇದ್ದಬದ್ದ ಕೈಗಳೆಲ್ಲ ಮೇಲೇಳುತ್ತಿದ್ದವು. ಟೀಚರ್ ಯಾರನ್ನು ಎಬ್ಬಿಸಿದರೂ ಉತ್ತರ ಸರಿ. ಅಧಿಕಾರಿಗಳು ತಲೆದೂಗಿ, ಕಾಫಿ ಕುಡಿದು, ನಾಲ್ಕು ಒಳ್ಳೆಯ ಮಾತು ಬರೆದು ಹೊರಡುತ್ತಿದ್ದರು.

ಉಪಾಯ ಹೆಡ್‌ಮೇಷ್ಟ್ರದು. ಉತ್ತರ ಗೊತ್ತಿರುವವರು ಅಂಗೈ ಬಿಚ್ಚಿ ಕೈ ಎತ್ತಬೇಕು, ಗೊತ್ತಿಲ್ಲದವರು ಮುಷ್ಟಿ ಕಟ್ಟಿ ಎತ್ತಬೇಕು. ಟೀಚರ್ ಅಂಗೈ ನೋಡಿ ಎಬ್ಬಿಸಿದರಾಯಿತು. ಅಷ್ಟು ಕೈಗಳ ನಡುವೆ ಯಾರ ಬೆರಳು ಮಡಚಿದೆ, ಯಾರದ್ದು ಬಿಚ್ಚಿದೆ ಎಂದು ನೋಡುವ ಪುರುಸೊತ್ತು ಯಾವ ಅಧಿಕಾರಿಗಿದೆ? ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎನ್ನುವುದು ಮೇಷ್ಟ್ರ ನೆಚ್ಚಿನ ಗಾದೆ. ಹಾಗೆ ದೊಣ್ಣೆ ತಪ್ಪಿಸಿಕೊಂಡೇ ಆ ಶಾಲೆ ಬದುಕಿಕೊಂಡು ಬಂದಿತ್ತು.

ಒಂದೇ ಒಂದು ತೊಡಕು. ಪ್ರತಿ ಪ್ರಶ್ನೆಗೂ ಗೊತ್ತು, ಗೊತ್ತಿಲ್ಲ ಎಂದು ತೀರ್ಮಾನಿಸುವ ಕೆಲಸವನ್ನು ಮಕ್ಕಳಿಗೇ ಬಿಟ್ಟರೆ ಎಡವಟ್ಟಾಗುತ್ತದೆ. ಗೊತ್ತಿಲ್ಲದೆಯೂ ಗೊತ್ತು ಎಂದುಕೊಳ್ಳುವವರು ಮಕ್ಕಳಲ್ಲೂ ಇರುತ್ತಾರೆ. ಅದಕ್ಕೇ ಮೇಷ್ಟ್ರು ಮುಂಚೆಯೇ ಬೆಂಚುಗಳ ನಡುವೆ ನಡೆದು, ಒಬ್ಬೊಬ್ಬರ ತಲೆ ಮುಟ್ಟಿ, ನೀನು ಅಂಗೈ, ನೀನು ಮುಷ್ಟಿ ಎಂದು ವಿಂಗಡಿಸಿಬಿಡುತ್ತಿದ್ದರು. ಒಮ್ಮೆ ಮುಷ್ಟಿಯಾದವರು ಶಾಲೆ ಬಿಡುವ ತನಕ ಮುಷ್ಟಿಯೇ.

ಈಗ ಎರಡನೇ ಕ್ಲಾಸಿಗೆ ಟೀಚರ್ ಆಗಿರುವವಳು ಅದೇ ಶಾಲೆಯ, ಅದೇ ಎರಡನೇ ಕ್ಲಾಸಿನ ಮುಷ್ಟಿ. ಏಳು ವರ್ಷದವಳಿದ್ದಾಗ ಒಂದು ತಪಾಸಣೆಯಲ್ಲಿ ಹತ್ತೊಂಬತ್ತಕ್ಕೆ ಎಂಟು ಕೂಡಿಸಿದರೆ ಎಷ್ಟು ಎಂದು ಕೇಳಿದ್ದರು. ಅವಳಿಗೆ ಗೊತ್ತಿತ್ತು. ಉತ್ತರ ನಾಲಿಗೆಯ ತುದಿಯಲ್ಲೇ ಕೂತಿತ್ತು. ಬೆರಳುಗಳು ತಾವಾಗಿಯೇ ಬಿಚ್ಚಿಕೊಳ್ಳತೊಡಗಿದಾಗ ಬಾಗಿಲ ಬಳಿ ನಿಂತಿದ್ದ ಮೇಷ್ಟ್ರು ಕಣ್ಣು ಬಿಟ್ಟರು. ಅವಳು ಮತ್ತೆ ಮಡಚಿಕೊಂಡಳು. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಅಂಥದ್ದನ್ನು ಮನೆಗೆ ಹೋಗಿ ಏನೆಂದು ಹೇಳುವುದು?

ಆಮೇಲೆ ಅವಳ ಬಾಯಿ ಕಟ್ಟಿಹೋಯಿತು. ಹೈಸ್ಕೂಲಿನಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಎದ್ದು ನಿಂತು ನೆಲ ನೋಡುತ್ತಿದ್ದಳು. ಬರೆಯುವುದರಲ್ಲಿ ಮುಂದು, ಮಾತಿನಲ್ಲಿ ಸೊನ್ನೆ. ಮನೆಯವರು ಅವಳಿಗೆ ಮೌನಗೌರಿ ಎಂದು ಹೆಸರಿಟ್ಟರು. ಬಂದವರ ಮುಂದೆ ಅದನ್ನು ಹೊಗಳಿಕೆಯೆಂಬಂತೆ ಹೇಳಿಕೊಂಡರು. ಹೆಣ್ಣುಮಗಳು ಮಾತಾಡದಿದ್ದರೆ ಅದೊಂದು ಕಾಯಿಲೆಯಿರಬಹುದು ಎಂದು ಯಾವ ಮನೆಯವರಿಗೆ ತಾನೇ ಹೊಳೆಯುತ್ತದೆ!

ಟೀಚರ್ ಆದ ಮೇಲೆ ಅವಳು ತನ್ನಷ್ಟಕ್ಕೆ ಒಂದು ಹಟ ಹಿಡಿದಳು. ತನ್ನ ಕ್ಲಾಸಿನಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಬರುವ ತನಕ ಕಾಯುವುದು. ತಪ್ಪು ಹೇಳಿದರೂ ಸರಿ, ಎಷ್ಟು ಹೊತ್ತಾದರೂ ಸರಿ. ಆ ಹಟವನ್ನು ಅತಿಹೆಚ್ಚು ಪರೀಕ್ಷೆ ಮಾಡಿದವಳು ಮಕ್ಕಳೆಲ್ಲ ಆಮೆ ಎಂದು ಕರೆಯುತ್ತಿದ್ದ ಒಂದು ಹುಡುಗಿ. ಆಮೆಯನ್ನು ಏನಾದರೂ ಕೇಳಿದರೆ ಮೊದಲು ಕಿಟಕಿ ನೋಡುತ್ತಿದ್ದಳು, ಆಮೇಲೆ ತನ್ನ ಕೈ ನೋಡಿಕೊಳ್ಳುತ್ತಿದ್ದಳು, ಆಮೇಲೆ ಉಗುಳು ನುಂಗುತ್ತಿದ್ದಳು. ಅಷ್ಟರಲ್ಲಿ ಹಿಂದಿನ ಬೆಂಚಿನವರು ಎರಡು ಸಲ ಜಗಳವಾಡಿ ರಾಜಿಯಾಗಿರುತ್ತಿದ್ದರು. ಆದರೆ ಕೊನೆಗೆ ಬಾಯಿ ಬಿಟ್ಟಳೆಂದರೆ ಕೇಳಬೇಕು.

ಒಮ್ಮೆ ಜೋರು ಮಳೆ ನಿಂತ ಮೇಲೆ, ಅಂಗಳದ ನೀರು ಎಲ್ಲಿಗೆ ಹೋಗುತ್ತದೆ ಎಂದು ಆಮೆಯೇ ಕೇಳಿದಳು. "ನಡೀರಿ, ಹೋಗಿ ನೋಡೋಣ" ಎಂದು ಟೀಚರ್ ಇಡೀ ಕ್ಲಾಸನ್ನು ಚರಂಡಿಯ ಗುಂಟ ಕರೆದುಕೊಂಡು ಹೋದಳು. ಗೇಟಿನ ಹೊರಗೆ ನೀರು ರಸ್ತೆಯಡಿಯ ಪೈಪಿಗೆ ನುಗ್ಗಿ ಮಾಯವಾಯಿತು. ಉಳಿದವರು ಅಲ್ಲಿಗೇ ಮುಗಿಯಿತೆಂದು ಕೆಸರಾಟಕ್ಕೆ ಇಳಿದರೆ, ಆಮೆ ಟೀಚರ ಸೆರಗು ಜಗ್ಗಿ ರಸ್ತೆ ದಾಟಿಸಿದಳು. ಆ ಕಡೆ ಹುಡುಕಿ, ನೋಡಿ, ಬಹಳ ಹೊತ್ತು ನಿಂತು, ಕೊನೆಗೆ ಹೇಳಿದಳು: "ಟೀಚರ್, ನಮ್ಮ ನೀರು ಗ್ಯಾರೇಜ್ ಹಿಂದೆ ಬರುತ್ತೆ. ಬರೋವಾಗ ಕಪ್ಪಾಗಿರುತ್ತೆ. ಎಣ್ಣೆ ಕುಡ್ಕೊಂಡು ಬರುತ್ತೆ." ಆ ದಿನ ಟೀಚರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮನೆಗೆ ಹೋಗಿ ಕಣ್ಣು ಮಂಜಾದ ತಾಯಿಯ ಮುಂದೆ ಕೂತು ಅದನ್ನೇ ಎರಡು ಸಲ ಹೇಳಿದಳು. ಮೌನಗೌರಿಗೆ ಇದೇನು ಬಂತು ಎಂದು ತಾಯಿ ನಕ್ಕಳು.

ಆ ವರ್ಷದ ತಪಾಸಣೆ ಸುಮ್ಮನೆ ಬಂದು ಹೋಗುವಂಥದ್ದಾಗಿರಲಿಲ್ಲ. ಎರಡನೇ ಕ್ಲಾಸಿಗೆ ಎರಡು ವಿಭಾಗ ಯಾಕೆ ಬೇಕು, ಒಂದನ್ನು ಮುಚ್ಚಬಾರದೇಕೆ ಎಂದು ಮೇಲಿನಿಂದ ಮಾತು ಬಂದಿತ್ತು. ಮುಚ್ಚುವುದಾದರೆ ಇನ್ನೂ ತಾತ್ಕಾಲಿಕ ಟೀಚರ್ ಆಗಿದ್ದ ಅವಳ ವಿಭಾಗವೇ ಮುಚ್ಚುವುದು. ಮುಚ್ಚಿದರೆ ತಾಯಿಯನ್ನು ಕರೆದುಕೊಂಡು ಸೋದರಮಾವನ ಮನೆಗೆ ಹೋಗಬೇಕು. ಅಲ್ಲಿ ಅತ್ತೆ ಊಟ ಹಾಕುತ್ತಾಳೆ, ಹಾಕಿದ್ದನ್ನು ಹತ್ತು ಸಲ ಎತ್ತಿ ಆಡುತ್ತಾಳೆ.

ಹೆಡ್‌ಮೇಷ್ಟ್ರು ಅವಳನ್ನು ಕರೆಸಿಕೊಂಡರು. ವಯಸ್ಸಾಗಿತ್ತು, ಕನ್ನಡಕ ದಪ್ಪಗಾಗಿತ್ತು, ಉಪಾಯ ಮಾತ್ರ ಹಳೆಯದೇ.

"ನಿನ್ನ ಕ್ಲಾಸು ಇನ್ನೂ ವಿಂಗಡ್ಸಿಲ್ವಂತಲ್ಲ ಅಮ್ಮಾ."

"ಬೇಡ ಸಾರ್. ನನ್ನ ಮಕ್ಕಳು ಹೇಳ್ತಾರೆ. ಸ್ವಲ್ಪ ಹೊತ್ತು ಬೇಕು ಅಷ್ಟೆ."

"ಬರೋರಿಗೆ ಹೊತ್ತಿಲ್ವಲ್ಲ." ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಯಾಕಿಷ್ಟು ಯೋಚ್ನೆ ಮಾಡ್ತೀಯ? ನೀನೂ ಮುಷ್ಟಿ ಎತ್ತಿದೋಳೇ ಅಲ್ವಾ? ಏನಾಯ್ತು ನಿಂಗೆ? ಟೀಚರ್ ಆದೆ."

ಏನಾಯಿತು ಎಂದು ಹೇಳುವುದಕ್ಕೆ ಅವಳ ಬಳಿ ಇಪ್ಪತ್ತು ವರ್ಷದ ಉತ್ತರವಿತ್ತು. ಬಾಯಿ ತೆರೆದಳು ಕೂಡ. ಆದರೆ ಮೇಷ್ಟ್ರು ಅವಳ ಮುಖ ನೋಡಿದರು, ಬಾಯಿ ತಾನಾಗಿಯೇ ಮುಚ್ಚಿಕೊಂಡಿತು. "ಆಯ್ತು ಸಾರ್" ಎಂದು ಹೊರಬಂದಳು.

ಅದನ್ನು ಆಟದ ಹಾಗೆ ಮಾಡಿ ಮಕ್ಕಳಿಗೆ ಕಲಿಸಿದಳು. ಇವತ್ತು ನೀವು ಹೂವು, ನೀವು ಮೊಗ್ಗು ಎಂದಳು. ತಲೆ ಮುಟ್ಟಿ ವಿಂಗಡಿಸುವುದನ್ನು ಬಿಟ್ಟು ಗಲ್ಲ ಸವರಿ ವಿಂಗಡಿಸಿದಳು. ಅಷ್ಟು ಮಾಡಿದರೆ ಪಾಪ ಕಡಿಮೆಯಾಗುತ್ತದೆ ಎಂದು ಅವಳಿಗೆ ಅನ್ನಿಸಿರಬೇಕು. ಆಮೆಯ ಬೆಂಚಿಗೆ ಬಂದಾಗ ಕಾಲು ಒಂದು ಕ್ಷಣ ನಿಂತಿತು. ಆಮೆಯನ್ನು ಹೂವು ಮಾಡಿದರೆ, ಅಧಿಕಾರಿ ಗಡಿಯಾರ ನೋಡುತ್ತಾ ಕೂರುವಾಗ ಇವಳು ಕಿಟಕಿ ನೋಡುತ್ತಾ ನಿಲ್ಲುತ್ತಾಳೆ. ವಿಭಾಗ ಮುಚ್ಚುವುದಕ್ಕೆ ಅಷ್ಟು ಸಾಕು.

"ನೀನು ಮೊಗ್ಗು ಕಣೇ."

ಆಮೆ ಎಂದಿನಂತೆ ಬಹಳ ಹೊತ್ತು ತೆಗೆದುಕೊಂಡಳು. "ಟೀಚರ್, ನಂಗೆ ಉತ್ರ ಲೇಟಾಗಿ ಗೊತ್ತಾದ್ರೆ?"

"ಆಗ್ಲೂ ಮೊಗ್ಗೇ ಇರ್ಲಿ."

ಬಂದ ಅಧಿಕಾರಿ ಹೆಂಗಸು. ಒಳ್ಳೆಯವರೇ. ಅದೇ ಕಷ್ಟವಾಯಿತು. ಟೀಚರ್ ಕೇಳಿದ ಪ್ರಶ್ನೆಗಳಿಗೆಲ್ಲ ಹೂವುಗಳು ಪಟಪಟನೆ ಉತ್ತರ ಹೇಳಿದ ಮೇಲೆ, ಅವರು ಕಿಟಕಿಯ ಆಚೆ ಅಂಗಳ ನೋಡಿ, "ನಾನೊಂದು ಕೇಳ್ತೀನಿ. ಮಳೆ ಬಂದ್ರೆ ಆ ನೀರೆಲ್ಲ ಎಲ್ಲಿಗೆ ಹೋಗುತ್ತೆ?" ಎಂದರು. ಕೈಗಳೆಲ್ಲ ಎದ್ದವು. ಅವರು ಟೀಚರಿಗೆ ಬಿಡದೆ ತಾವೇ ಕೈ ತೋರಿಸಿದರು. "ಆ ಎರಡು ಜಡೆ ಪುಟ್ಟಿ. ನೀನು ಹೇಳಮ್ಮ."

ಆಮೆ ಎದ್ದು ನಿಂತಳು. ಈ ಒಂದು ಪ್ರಶ್ನೆಗೆ ಆ ಕೋಣೆಯಲ್ಲಿ ಸರಿಯಾದ ಉತ್ತರ ಗೊತ್ತಿದ್ದದ್ದು ಇಬ್ಬರಿಗೆ, ಅವಳಿಗೆ ಮತ್ತು ಅವಳ ಟೀಚರಿಗೆ. ಹುಡುಗಿ ಕಿಟಕಿ ನೋಡಲಿಲ್ಲ, ಕೈ ನೋಡಿಕೊಳ್ಳಲಿಲ್ಲ. ನೇರ ಟೀಚರ ಮುಖ ನೋಡಿದಳು. ಹೇಳಲೇ ಎಂದು ಕೇಳುತ್ತಿದ್ದಳು. ಒಂದು ಸಲ ತಲೆಯಾಡಿಸಿದ್ದರೆ ಸಾಕಿತ್ತು, ಆಮೇಲೆ ಕಾಯುವುದೊಂದೇ ಕೆಲಸ. ಬಾಗಿಲ ಬಳಿ ಮೇಷ್ಟ್ರು ಕೆಮ್ಮಿದರು.

"ಅವಳು ಸ್ವಲ್ಪ ನಿಧಾನ ಮೇಡಂ, ಗೊತ್ತಾಗಲ್ಲ" ಎಂದಳು ಟೀಚರ್. "ಪಕ್ಕದವಳು ಹೇಳ್ತಾಳೆ."

ಪಕ್ಕದವಳು ಎದ್ದು, ಮಳೆಯ ನೀರು ಹಳ್ಳಕೊಳ್ಳಗಳಲ್ಲಿ ಹರಿದು ನದಿಯನ್ನು ಸೇರಿ ನದಿಯು ಸಮುದ್ರವನ್ನು ಸೇರುತ್ತದೆ ಎಂದು ಒಂದೇ ಉಸಿರಿಗೆ ಒಪ್ಪಿಸಿದಳು. ಅಧಿಕಾರಿ ಚಪ್ಪಾಳೆ ತಟ್ಟಿದರು.

ವಿಭಾಗ ಉಳಿಯಿತು. ತಿಂಗಳೊಪ್ಪತ್ತಿನಲ್ಲಿ ಕೆಲಸವೂ ಕಾಯಂ ಆಯಿತು. ತಪಾಸಣೆಯ ಮರುದಿನವೇ ಟೀಚರ್ ಹೂವು ಮೊಗ್ಗಿನ ಆಟ ಮುಗಿಯಿತು ಎಂದು ಮಕ್ಕಳಿಗೆ ಹೇಳಿ, ಆಮೆಯನ್ನು ಎಬ್ಬಿಸಿ, ಅದೇ ಪ್ರಶ್ನೆ ಕೇಳಿದಳು. ಎಷ್ಟು ಹೊತ್ತಾದರೂ ಕಾಯುವೆನೆಂದು ಕುರ್ಚಿ ಎಳೆದುಕೊಂಡು ಕೂತಳು. ಕಾಯಬೇಕಾಗಲಿಲ್ಲ.

"ಗೊತ್ತಿಲ್ಲ ಟೀಚರ್" ಎಂದಳು ಆಮೆ, ಥಟ್ಟನೆ.

"ನಾವಿಬ್ರೂ ಹೋಗಿ ನೋಡಿದ್ವಲ್ಲೇ ಮರಿ. ಗ್ಯಾರೇಜ್ ಹಿಂದೆ."

"ಗೊತ್ತಿಲ್ಲ ಟೀಚರ್."

ಹಾಗೆಯೇ ವಾರ ಕಳೆಯಿತು, ತಿಂಗಳು ಕಳೆಯಿತು. ಟೀಚರ್ ಮುದ್ದು ಮಾಡಿ ನೋಡಿದಳು, ಊಟದ ಹೊತ್ತಿನಲ್ಲಿ ಪಕ್ಕ ಕೂರಿಸಿಕೊಂಡು ನೋಡಿದಳು, ಮತ್ತೆ ಮಳೆ ಬಂದಾಗ ಕೈ ಹಿಡಿದು ಚರಂಡಿಯ ಗುಂಟ ನಡೆಸಿಯೂ ನೋಡಿದಳು. ಹುಡುಗಿ ಹಟ ಮಾಡಲಿಲ್ಲ, ಅಳಲಿಲ್ಲ. ಕರೆದಲ್ಲಿಗೆ ಬಂದಳು, ತೋರಿಸಿದ್ದನ್ನು ನೋಡಿದಳು. ಕ್ಲಾಸಿನಲ್ಲಿ ಈಗ ಅವಳಷ್ಟು ಚುರುಕಾಗಿ ಉತ್ತರ ಕೊಡುವವರು ಯಾರೂ ಇರಲಿಲ್ಲ, ಉತ್ತರ ಮಾತ್ರ ಒಂದೇ. ಮಕ್ಕಳು ಆಮೆ ಎಂದು ಕರೆಯುವುದನ್ನೂ ಬಿಟ್ಟರು. ಪಾಠಗಳು ಹೊತ್ತಿಗೆ ಮುಂಚೆ ಮುಗಿಯತೊಡಗಿದವು. ಮೇಷ್ಟ್ರು ಅದನ್ನು ಎಲ್ಲರೆದುರು ಹೊಗಳಿದರು.

ವರ್ಷದ ಕೊನೆಗೆ ಫಲಿತಾಂಶ ಕೇಳಲು ಹುಡುಗಿಯ ತಾಯಿ ಬಂದಳು. ಬೇಕರಿಯಲ್ಲಿ ಬ್ರೆಡ್ ಪ್ಯಾಕ್ ಮಾಡುವವಳು, ಕೆಲಸದ ನಡುವೆ ಓಡಿ ಬಂದಿದ್ದಳು, ತೋಳಿನ ಮೇಲೆ ಇನ್ನೂ ಹಿಟ್ಟಿತ್ತು. ಟೀಚರ್ ಇವಳಿಗಾದರೂ ಎಲ್ಲ ಹೇಳಿಬಿಡಬೇಕೆಂದು, ಅದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು, ಕುರ್ಚಿ ತೋರಿಸಿದಳು. ತಾಯಿ ಕೂರಲಿಲ್ಲ. ಟೀಚರ ಎರಡೂ ಕೈ ಹಿಡಿದುಕೊಂಡಳು.

"ನಿಮಗೆ ಎಷ್ಟು ಹೇಳಿದ್ರೂ ಸಾಲ್ದು ಟೀಚರ್. ಮೊದ್ಲು ಬರೀ ತಲೆ ತಿಂತಿದ್ಲು. ಅದ್ಯಾಕೆ, ಇದೆಲ್ಲಿಂದ, ಅದೆಲ್ಲಿಗೋಗುತ್ತೆ, ದುಡಿದು ಬಂದೋಳಿಗೆ ಸಾಕ್ಸಾಕು ಅನ್ಸೋದು. ಈಗ ಏನೂ ಕೇಳಲ್ಲ. ಸುಮ್ನೆ ಒಂದ್ಕಡೆ ಕೂತಿರ್ತಾಳೆ." ಅವಳ ಕಣ್ಣು ತುಂಬಿತ್ತು. "ಚಿಕ್ಕವಳೂ ಬರೋ ವರ್ಷ ಎರಡನೇ ಕ್ಲಾಸಿಗೆ ಬರ್ತಾಳೆ. ಅವಳೂ ಹಿಂಗೇ ಬಾಯಾಳಿ. ಅವಳನ್ನೂ ನಿಮ್ಮ ಕೈಗೇ ಹಾಕ್ತೀನಿ, ಹಿಂಗೇ ಮಾಡ್ಕೊಡಿ."